ದೋಣಿಯ ಅಕ್ರಿಲಿಕ್ ಹೊದಿಕೆ: ಬಟ್ಟೆ ಗಟ್ಟಿ, ನೂಲು ಪುಡಿ

ಐದು ಮೀಟರ್ ಉದ್ದದ, ಔಟ್‌ಬೋರ್ಡ್ ಎಂಜಿನ್ ಇರುವ ಫೈಬರ್‌ಗ್ಲಾಸ್ ದೋಣಿಗೆ ಅಳತೆ ಕೊಟ್ಟು ಹೊಲಿಸಿದ ಅಕ್ರಿಲಿಕ್ ಹೊದಿಕೆಯ ವಿಮರ್ಶೆ ಇದು. ನೆರಳಿನ ಹಂಗಿಲ್ಲದ ಬಯಲಿನಲ್ಲಿ ಅದು ಹಲವು ಬೇಸಿಗೆ ಕಳೆದ ಮೇಲೆ ಬರೆಯುತ್ತಿದ್ದೇನೆ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳಲ್ಲಿ ಬಣ್ಣ ಚೆನ್ನಾಗಿದೆ, ಮೈಗೆ ಸರಿಯಾಗಿ ಕೂರುತ್ತದೆ ಎಂಬುದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಬಿಸಿಲು ತೀರ್ಪು ಕೊಡುವುದು ನಿಧಾನವಾಗಿ. ಈಗ ಅದು ಬಂದಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ಬಟ್ಟೆಗೆ ಪೂರ್ಣ ಅಂಕ, ಹೊಲಿಗೆಗೆ ಅರ್ಧ, ಗಾಳಿಯಾಡುವ ವ್ಯವಸ್ಥೆಗೆ ಸೊನ್ನೆ.

ಫೈಬರ್‌ಗ್ಲಾಸಿಗೆ ಬಿಸಿಲಿನಿಂದ ಏನೂ ಆಗುವುದಿಲ್ಲ, ಹೊದಿಕೆ ಬರೀ ಶೋಕಿ ಎನ್ನುವವರು ಬಹಳ ಮಂದಿ ಇದ್ದಾರೆ. ದೋಣಿಯ ಮೈಮೇಲಿನ ಹೊಳಪು ಜೆಲ್‌ಕೋಟ್ ಎಂಬ ಪದರದ್ದು. ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್, ದಪ್ಪ ಸುಮಾರು ಅರ್ಧ ಮಿಲಿಮೀಟರ್. ನೇರಳಾತೀತ ಕಿರಣಗಳು ಅದರ ಅಣುಸರಪಳಿಗಳನ್ನು ಕತ್ತರಿಸುತ್ತವೆ, ಉಳಿದ ಕೆಲಸವನ್ನು ಗಾಳಿಯ ಆಮ್ಲಜನಕ ಮುಗಿಸುತ್ತದೆ. ಮೊದಲು ಹೊಳಪು ಮಂಕಾಗುತ್ತದೆ, ಆಮೇಲೆ ಮೇಲ್ಮೈ ಪುಡಿಯೇಳುತ್ತದೆ, ಅಂಗೈಯಿಂದ ಸವರಿದರೆ ಅಂಗೈ ಬೆಳ್ಳಗಾಗುತ್ತದೆ. ಉಜ್ಜಿ ಪಾಲಿಶ್ ಮಾಡಿದರೆ ಹೊಳಪು ಮರಳುತ್ತದೆ ನಿಜ. ಆದರೆ ಪ್ರತಿ ಸಲವೂ ಆ ಅರ್ಧ ಮಿಲಿಮೀಟರಿನಲ್ಲೇ ಒಂದಿಷ್ಟು ಸವೆಯುತ್ತದೆ. ಬಂಡವಾಳ ಕರಗಿಸಿ ಬಡ್ಡಿ ಕಟ್ಟಿದ ಹಾಗೆ.

ನನ್ನ ದೋಣಿಯಲ್ಲಿ ಇದಕ್ಕೆ ಸಾಕ್ಷಿ ಕಣ್ಣೆದುರೇ ಇದೆ. ಹೊದಿಕೆಯ ಅಂಚು ಮುಗಿಯುವಲ್ಲಿ ಪಕ್ಕದ ಮೈಮೇಲೆ ಒಂದು ಗೆರೆ ಮೂಡಿದೆ. ಗೆರೆಯ ಮೇಲೆ ಜೆಲ್‌ಕೋಟ್ ಇನ್ನೂ ಮುಖ ಕಾಣುವಷ್ಟು ನಯವಾಗಿದೆ, ಕೆಳಗೆ ಮಂಕು ಬಿಳಿ. ಪಡುವಣ ಬಿಸಿಲು ಬೀಳುವ ಮಗ್ಗುಲಿನಲ್ಲಿ ಆ ಗೆರೆ ಇನ್ನೂ ಎದ್ದು ಕಾಣುತ್ತದೆ. ನೇರ ಬಿಸಿಲು ಬೀಳದ ಕಡೆಯೂ ಕೆಳಭಾಗ ಪೂರ್ತಿ ಪಾರಾಗಿಲ್ಲ, ಏಕೆಂದರೆ ಒಣ ಮರಳು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಸುಮಾರು ಶೇ 15ರಷ್ಟನ್ನು ತಿರುಗಿ ಎಸೆಯುತ್ತದೆ. ಮೋಡ ಕವಿದ ದಿನಗಳಿಗೂ ರಜೆ ಇಲ್ಲ. ತೆಳು ಮೋಡ ಈ ಕಿರಣಗಳನ್ನು ತಡೆಯುವುದು ಅತ್ಯಲ್ಪ.

ಇನ್ನು ಬಟ್ಟೆ. ಸಾಮಾನ್ಯ ಬಟ್ಟೆಗೆ ನೇಯ್ದ ಮೇಲೆ ಬಣ್ಣ ಹಾಕುತ್ತಾರೆ. ಈ ಬಗೆಯ ಅಕ್ರಿಲಿಕ್‌ನಲ್ಲಿ ಎಳೆ ತೆಗೆಯುವ ಮುನ್ನವೇ ದ್ರಾವಣಕ್ಕೆ ಬಣ್ಣ ಸೇರಿಸಿರುತ್ತಾರೆ, ಹಾಗಾಗಿ ಎಳೆ ಒಳಗೂ ಹೊರಗೂ ಒಂದೇ ಬಣ್ಣ. ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುವ ದಪ್ಪ ನೇಯ್ಗೆ. ಒಳಮಡಿಕೆಯನ್ನು ಬಿಡಿಸಿ ಹೊರಗಿನ ಭಾಗದ ಪಕ್ಕದಲ್ಲಿ ಹಿಡಿದು ನೋಡಿದೆ. ಬೂದುಬಣ್ಣದಲ್ಲಿ ವ್ಯತ್ಯಾಸವಿದೆಯೆಂದು ಹೇಳಬೇಕಾದರೆ ಹುಡುಕಿ ಹೇಳಬೇಕು. ಇದಕ್ಕೂ ಮುಂಚೆ ಇದ್ದ ನೀಲಿ ಪ್ಲಾಸ್ಟಿಕ್ ಟಾರ್ಪಾಲು ಒಂದು ಬೇಸಿಗೆಯನ್ನೂ ಪೂರೈಸದೆ ಚೂರುಚೂರಾಗಿ ಉದುರಿತ್ತು, ಉದುರುವ ಮುನ್ನ ಗಾಳಿಗೆ ಬಡಿದು ಬಡಿದು ಅಂಚಿನ ಜೆಲ್‌ಕೋಟನ್ನು ಉಜ್ಜಿಯೂ ಇತ್ತು. ಆ ಲೆಕ್ಕದಲ್ಲಿ ಅಕ್ರಿಲಿಕ್ ಬಟ್ಟೆಯ ಬಗ್ಗೆ ನನಗೆ ಒಂದೇ ಒಂದು ದೂರೂ ಇಲ್ಲ.

ದೂರು ಇರುವುದು ನೂಲಿನ ಮೇಲೆ. ಎರಡು ಬಟ್ಟೆ ಸೇರುವಲ್ಲಿ ಹೆಬ್ಬೆರಳ ಉಗುರನ್ನು ಹೊಲಿಗೆಯ ಉದ್ದಕ್ಕೂ ಎಳೆದೆ. ನೂಲು ತುಂಡಾಗಲಿಲ್ಲ, ಪುಡಿಯಾಗಿ ಉದುರಿತು. ಅದೇ ಹೊಲಿಗೆಯ ಒಳಮಗ್ಗುಲಿನ ನೂಲನ್ನು ಎಳೆದರೆ ಬೆರಳು ನೋಯುವಷ್ಟು ಗಟ್ಟಿ. ಒಂದೇ ಹೊಲಿಗೆ, ಒಂದೇ ವಯಸ್ಸು. ಬಿಸಿಲು ಕಂಡದ್ದಕ್ಕೂ ಕಾಣದ್ದಕ್ಕೂ ಅಷ್ಟು ಅಂತರ. ಕಾರಣ ಸರಳ. ಅಕ್ರಿಲಿಕ್ ಬಟ್ಟೆ ಗಡುಸಾಗಿರುವುದರಿಂದ ನೂಲು ಅದರೊಳಗೆ ಹುದುಗುವುದಿಲ್ಲ, ಮೇಲೆಯೇ ಉಬ್ಬಿ ನಿಂತಿರುತ್ತದೆ. ನೂಲು ಪಾಲಿಯೆಸ್ಟರ್‌ನದು, ಬಿಸಿಲಿಗೆ ನೈಲಾನಿಗಿಂತ ಮೇಲು, ಆದರೆ ಅಕ್ರಿಲಿಕ್‌ನಷ್ಟು ತಾಳಿಕೆ ಅದಕ್ಕಿಲ್ಲ. ಬಟ್ಟೆಗೆ ಹತ್ತು ವರ್ಷದ ಖಾತರಿ ಬರೆದುಕೊಟ್ಟವರು ಅದೇ ಚೀಟಿಯ ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಹೊಲಿಗೆ ಇದರಲ್ಲಿ ಸೇರಿಲ್ಲ ಎಂದೂ ಬರೆದಿದ್ದಾರೆ. ಹೊಲಿಗೆಯಿಲ್ಲದ ಹೊದಿಕೆಯನ್ನು ದೋಣಿಗೆ ಹೊದಿಸುವ ಬಗೆ ಹೇಗೆಂದು ಕೇಳಿದೆ, ಉತ್ತರ ಬರಲಿಲ್ಲ.

ಕೊನೆಗೆ ಬೇರೊಬ್ಬರ ಬಳಿ ಪೂರ್ತಿ ಮರುಹೊಲಿಗೆ ಹಾಕಿಸಿದೆ, ಈ ಬಾರಿ ಪಿಟಿಎಫ್‌ಇ ನೂಲಿನಲ್ಲಿ. ಅಂಟದ ಬಾಣಲೆಗೆ ಲೇಪಿಸುವ ವಸ್ತುವಿನದೇ ನೂಲು ಅದು. ಅದರ ಇಂಗಾಲ-ಫ್ಲೋರಿನ್ ಬಂಧವನ್ನು ಬಿಸಿಲಿನ ನೇರಳಾತೀತ ಕಿರಣ ಮುರಿಯಲಾರದು. ಹೊಲಿಯುವವರಿಗೆ ಮಾತ್ರ ಅದನ್ನು ಕಂಡರಾಗದು: ಜಾರುತ್ತದೆ, ಯಂತ್ರದ ಬಿಗಿತವನ್ನು ಮತ್ತೆ ಮತ್ತೆ ಸರಿಪಡಿಸಬೇಕಾಗುತ್ತದೆ, ಬೆಲೆಯೂ ಹೆಚ್ಚು. ಮಳೆ ಬಂದಾಗ ಸೂಜಿ ತೂತುಗಳಲ್ಲಿ ಮೊದಲಿಗಿಂತ ಕೊಂಚ ಹೆಚ್ಚು ನೀರು ಜಿನುಗುತ್ತದೆ ಎಂಬುದನ್ನೂ ಹೇಳಬೇಕು. ಅದನ್ನು ನಾನು ಸಹಿಸಿಕೊಂಡಿದ್ದೇನೆ.

ಈಗ ಸೊನ್ನೆ ಕೊಟ್ಟ ವಿಷಯ. ಹೊದಿಕೆ ಬೆಳಕನ್ನು ತಡೆಯುತ್ತದೆ, ಬಿಸಿಯನ್ನು ತಡೆಯುವುದಿಲ್ಲ. ಮಾರುವವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಕೊಳ್ಳುವವರೂ ಹಾಗೆಯೇ ಕೇಳಿಸಿಕೊಳ್ಳುತ್ತಾರೆ. ಬಿಗಿಯಾಗಿ ಹೊದಿಸಿದ ದೋಣಿಯ ಒಳಗೆ ಗಾಳಿ ಅಲ್ಲಾಡುವುದಿಲ್ಲ. ಗಾಳಿಯಿಲ್ಲದ ಮಧ್ಯಾಹ್ನ ಒಂದು ಮೂಲೆ ಎತ್ತಿ ಮುಖವಿಟ್ಟರೆ ಮೊದಲು ತಾಗುವುದು ಸೆಖೆ, ಮರುಕ್ಷಣವೇ ಪೆಟ್ರೋಲ್ ವಾಸನೆ. ನನ್ನದು ಎತ್ತಿ ಒಯ್ಯುವ ಬಗೆಯ 25 ಲೀಟರ್ ಟ್ಯಾಂಕ್. ಪೆಟ್ರೋಲ್ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ 1ರಷ್ಟು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಬಾಯಿತನಕ ತುಂಬಿಸಿದ ಟ್ಯಾಂಕ್ 30 ಡಿಗ್ರಿ ಬಿಸಿಯೇರಿದರೆ ಮುಕ್ಕಾಲು ಲೀಟರಿನಷ್ಟು ಪೆಟ್ರೋಲಿಗೆ ಒಳಗೆ ಜಾಗವಿಲ್ಲ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ಹೊರಗೆ ಹೋಗದೆ ದೋಣಿಯ ತಳಕ್ಕಿಳಿದು ಕೂರುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ ಹತ್ತನೇ ಒಂದು ಭಾಗ ಖಾಲಿ ಬಿಡುತ್ತೇನೆ, ಹೊದಿಕೆ ತೆಗೆದ ಮೇಲೆ ಒಳಗೆಲ್ಲ ಗಾಳಿಯಾಡಿದ ನಂತರವೇ ಬ್ಯಾಟರಿಯ ಸ್ವಿಚ್ ಮುಟ್ಟುತ್ತೇನೆ. ಈ ಒಂದು ವಿಷಯದಲ್ಲಿ ಅವಸರ ಸಲ್ಲದು.

ಬ್ಯಾಟರಿಯದು ಮೆಲ್ಲನೆ ಆಗುವ ನಷ್ಟ. ಲೆಡ್-ಆಸಿಡ್ ಬ್ಯಾಟರಿಗೆ ಹಿತವಾದ ಉಷ್ಣತೆ ಸುಮಾರು 25 ಡಿಗ್ರಿ; ಅದಕ್ಕಿಂತ 10 ಡಿಗ್ರಿ ಹೆಚ್ಚಿನ ಬಿಸಿಯಲ್ಲೇ ಸದಾ ಇಟ್ಟರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಬಲ್ಲವರ ಲೆಕ್ಕ. ನೀರೂ ಬೇಗ ಆರುತ್ತದೆ. ಬಳಸದ ದಿನಗಳಲ್ಲಿ ಬಿಚ್ಚಿ ನೆರಳಿಗೆ ಒಯ್ಯುವುದೇ ಲೇಸು, ಭಾರವಾದರೂ.

ಗಾಳಿ ತುಂಬುವ ರಬ್ಬರ್ ದೋಣಿಯನ್ನು ಜೊತೆಗಿಟ್ಟುಕೊಂಡವರು ಇನ್ನೂ ಎಚ್ಚರವಾಗಿರಬೇಕು. 25 ಡಿಗ್ರಿಯಲ್ಲಿ 0.25 ಬಾರ್ ಒತ್ತಡಕ್ಕೆ ತುಂಬಿದ ಕೊಳವೆ 55 ಡಿಗ್ರಿಗೆ ಏರಿದರೆ, ಬಟ್ಟೆ ಹಿಗ್ಗದೆ ನಿಂತರೆ, ಒತ್ತಡ ಸುಮಾರು 0.38 ಬಾರ್ ಆಗುತ್ತದೆ. ಅಂದರೆ ಒಂದೂವರೆ ಪಟ್ಟು. ಅದೇ ಬಿಸಿಯಲ್ಲಿ ಪಿವಿಸಿಯ ಅಂಟು ಮೆತ್ತಗಾಗಿರುತ್ತದೆ. ಹೊಲಿಗೆಯ ಕಥೆಯೇ ಇಲ್ಲಿಯೂ: ಹೋಗುವುದು ಬಟ್ಟೆಯಲ್ಲ, ಜೋಡಣೆ. ದಡಕ್ಕೆ ಎಳೆದ ಕೂಡಲೇ ಸ್ವಲ್ಪ ಗಾಳಿ ಬಿಡಬೇಕು.

ಹೊದಿಕೆ ಹೊಲಿದವರು ಗಾಳಿಗಂಡಿ ಇಟ್ಟಿರಲಿಲ್ಲ. ಮರುಹೊಲಿಗೆಯ ವೇಳೆ ಮುಂದೊಂದು ಹಿಂದೊಂದು ಗಂಡಿ ಇಡಿಸಿದೆ, ಮಳೆ ನುಗ್ಗದಂತೆ ಮೇಲೊಂದು ಮುಸುಕು. ನಡುವೆ ಒಂದು ಕೋಲು ನಿಲ್ಲಿಸಿ ಬಟ್ಟೆಯನ್ನು ಎತ್ತರಿಸಿದೆ. ಮೊದಲು ಕೂರುವ ಮೆತ್ತೆಗಳ ಅಡಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪು ಬೂಷ್ಟಿನ ಚುಕ್ಕೆಗಳು ಏಳುತ್ತಿದ್ದವು, ಈಗ ಇಲ್ಲ. ಕೋಲಿನ ತುದಿಗೆ ಮಾತ್ರ ದುಂಡನೆಯ ಮರದ ತುಂಡೊಂದನ್ನು ಕಡ್ಡಾಯವಾಗಿ ಹಾಕಬೇಕು. ಇಲ್ಲವಾದರೆ ಹತ್ತು ವರ್ಷ ಬಾಳುವ ಬಟ್ಟೆ ಅಲ್ಲೇ ತೂತು ಬೀಳುತ್ತದೆ.

ಉಳಿದ ಬಿಡಿಭಾಗಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ಲಾಸ್ಟಿಕ್ ಹಲ್ಲಿನ ಜಿಪ್ ಚೆನ್ನಾಗಿದೆ, ಉಪ್ಪು ಕಟ್ಟಿ ಸಿಕ್ಕಿಕೊಂಡಾಗ ಸಿಹಿನೀರು ಸುರಿದರೆ ಸಾಕು. ಪಾರದರ್ಶಕ ಪಿವಿಸಿ ಕಿಟಕಿ ಹಳದಿಗಟ್ಟಿ ಸೆಟೆದಿದೆ, ಅದರಡಿ ಹಾಯುವ ಲೋಹದ ಕಂಬಿ ಕಾದು ತಾಗಿದ ಕಡೆ ಸುಟ್ಟ ಗುರುತಿನಂತೆ ಒಂದು ಪಟ್ಟಿ ಬಿದ್ದಿದೆ. ಮೂಲೆಯ ಒತ್ತುಗುಂಡಿಗಳು ಈಗ ಎಳೆದು ಹಾಕಬೇಕಾದಷ್ಟು ಬಿಗಿ. ಅಕ್ರಿಲಿಕ್ ಒದ್ದೆಯಾಗಿ ಒಣಗುವಾಗ ಕೊಂಚ ಕುಗ್ಗುತ್ತದೆ, ಹಾಗಾಗಿ ಗುಂಡಿ ಹಾಕಿದ ಸ್ಥಿತಿಯಲ್ಲೇ ಒಣಗಲು ಬಿಡುವುದು ಒಳ್ಳೆಯದು. ತೊಳೆಯಲು ಮೃದುವಾದ ಸೋಪು, ತಣ್ಣೀರು, ಮೆದು ಬ್ರಷ್. ನೀರು ಮಣಿಯಾಗಿ ಜಾರುವ ಬದಲು ಬಟ್ಟೆಗೆ ಇಂಗತೊಡಗಿದರೆ ನೀರುನಿರೋಧಕ ದ್ರವವನ್ನು ಮತ್ತೆ ಸಿಂಪಡಿಸಬೇಕು. ಆ ಲೇಪ ಬಟ್ಟೆಯಷ್ಟು ಕಾಲ ಬಾಳುವುದಿಲ್ಲ.

ಮರದ ದೋಣಿಯವರು ಈ ವಿಮರ್ಶೆಯನ್ನು ಹಾಗೆಯೇ ಒಪ್ಪಿಕೊಳ್ಳಬಾರದು. ಹಲಗೆಗಳಿಗೆ ಬಿಸಿಲಿನಷ್ಟೇ ಶತ್ರು ಒಣಗುವಿಕೆ. ದಡದಲ್ಲಿ ಬಹುಕಾಲ ನಿಂತರೆ ಮರ ಕುಗ್ಗಿ ಸಂದು ಬಿಡುತ್ತದೆ, ನೀರಿಗಿಳಿಸಿದ ಮೇಲೆ ಹಲಗೆ ಉಬ್ಬಿ ಮುಚ್ಚಿಕೊಳ್ಳುವ ತನಕ ಸೋರುತ್ತದೆ. ಹೊದಿಕೆ ವಾರ್ನಿಷನ್ನು ಉಳಿಸೀತು, ಸಂದನ್ನಲ್ಲ. ಇನ್ನು ದಿನವೂ ದೋಣಿ ಇಳಿಸುವವರಿಗೆ ಪೂರ್ತಿ ಹೊದಿಕೆಯ ಬದಲು ಎಂಜಿನ್, ಸೀಟು, ಸ್ಟಿಯರಿಂಗ್ ಇವುಗಳಿಗೆ ಬಿಡಿಬಿಡಿಯಾದ ಮುಸುಕುಗಳೇ ಅನುಕೂಲ. ಹತ್ತು ಗುಂಡಿ ಬಿಚ್ಚುವ ಸೋಮಾರಿತನಕ್ಕೆ ಪೂರ್ತಿ ಹೊದಿಕೆ ಮೂಲೆಯಲ್ಲಿ ಮುದುರಿ ಬಿದ್ದಿರುವುದನ್ನು ಎಷ್ಟೋ ದೋಣಿಗಳಲ್ಲಿ ಕಂಡಿದ್ದೇನೆ.

ಹೊಸದಾಗಿ ಹೊಲಿಸುವವರು ಬಟ್ಟೆಯ ಹೆಸರು ಕೇಳುವ ಮುಂಚೆ ನೂಲು ಯಾವುದು, ಎಷ್ಟು ದಪ್ಪ ಎಂದು ಕೇಳಲಿ. ದಪ್ಪ ನೂಲು ತೆಳುವಾದದ್ದಕ್ಕಿಂತ ಹೆಚ್ಚು ಬೇಸಿಗೆ ತಾಳುತ್ತದೆ. ಖಾತರಿಯಲ್ಲಿ ಹೊಲಿಗೆಯೂ ಸೇರಿದೆಯೇ, ಗಾಳಿಗಂಡಿ ಎಷ್ಟು, ಎಲ್ಲಿ ಎಂಬುದನ್ನು ಬರೆಸಿಕೊಳ್ಳಲಿ. ಅಂಚು ಜೆಲ್‌ಕೋಟಿನ ಕೆಳಭಾಗದವರೆಗೂ ಇಳಿಯುವಂತೆ ಇನ್ನೊಂದು ಗೇಣು ಬಟ್ಟೆ ಹೆಚ್ಚು ಹಾಕಿಸಿದರೆ ನನ್ನ ದೋಣಿಗೆ ಬಿದ್ದಂಥ ಗೆರೆ ಅವರ ದೋಣಿಗೆ ಬೀಳುವುದಿಲ್ಲ.