ಕುವೆಂಪುನಗರದ ಮ್ಯೂಚುವಲ್ ಫಂಡ್ ಕಚೇರಿ: ಆರು ವರ್ಷದ ಗಿರಾಕಿಯ ಲೆಕ್ಕ

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಕಂಡಕ್ಟರುಗಳ ವೇ ಬಿಲ್ಲು, ಅಂದರೆ ಟಿಕೆಟ್ ಲೆಕ್ಕದ ಹಾಳೆ, ತಪಾಸಣೆ ಮಾಡಿದವನು ನಾನು. ಎರಡು ರೂಪಾಯಿ ವ್ಯತ್ಯಾಸ ಬಂದರೂ ಸರಿಪಡಿಸದೆ ಮನೆಗೆ ಹೋಗುತ್ತಿರಲಿಲ್ಲ. ಅಂಥವನು ನಿವೃತ್ತಿಯ ಹಣದಲ್ಲಿ ಒಂಬತ್ತು ಲಕ್ಷವನ್ನು 2019ರಲ್ಲಿ ಈ ಮ್ಯೂಚುವಲ್ ಫಂಡ್ ಏಜೆಂಟರ ಕಚೇರಿಗೆ ಒಪ್ಪಿಸಿ, ಅವರ ಕಮಿಷನ್ ಎಷ್ಟೆಂದು ಇಷ್ಟು ಕಾಲ ಕೇಳಲೇ ಇಲ್ಲ. ಮನೆಯವಳು ಈಗಲೂ ನಗುತ್ತಾಳೆ. ಕಚೇರಿಯ ಹೆಸರು ಬರೆಯುವುದಿಲ್ಲ. ಬೇಕರಿಯ ಮೇಲಿನ ಮಹಡಿ, ಮೆಟ್ಟಿಲು ಕಡಿದು, ಮಂಡಿನೋವಿನವರಿಗೆ ಆಗದು.

ಮೊದಲ ದಿನ ಕಾಫಿ ತರಿಸಿ, "ನಮ್ಮ ಸೇವೆಗೆ ನೀವು ಒಂದು ಪೈಸೆಯೂ ಕೊಡಬೇಕಾಗಿಲ್ಲ ಸರ್" ಎಂದಿದ್ದರು. ಸುಳ್ಳು ಎನ್ನಲಾಗದು. 2009ರ ಆಗಸ್ಟ್‌ನಲ್ಲೇ ಷೇರುಪೇಟೆಯ ನಿಯಂತ್ರಕ ಸೆಬಿ ಎಂಟ್ರಿ ಲೋಡ್ (ಹಣ ಹಾಕುವಾಗಲೇ ಮುರಿದುಕೊಳ್ಳುವ ಶುಲ್ಕ) ತೆಗೆದುಹಾಕಿತು, 2018ರಲ್ಲಿ ಮುಂಗಡ ಕಮಿಷನ್ನಿಗೂ ತಡೆ ಹಾಕಿತು. ಈಗ ಏಜೆಂಟರಿಗೆ ಸಿಗುವುದು ಟ್ರೇಲ್ ಕಮಿಷನ್, ನಮ್ಮ ಹಣ ಫಂಡಿನಲ್ಲಿ ಇರುವಷ್ಟು ಕಾಲವೂ. ಫಂಡಿನ ವೆಚ್ಚದಲ್ಲಿ ಅದು ಸೇರಿಹೋಗುತ್ತದೆ, ಎನ್‌ಎವಿ (ಫಂಡಿನ ಒಂದು ಯೂನಿಟ್ಟಿನ ಬೆಲೆ) ಅಷ್ಟು ಇಳಿದೇ ನಮ್ಮ ಕಣ್ಣಿಗೆ ಬೀಳುತ್ತದೆ. ಕೊಟ್ಟದ್ದು ಕೊಟ್ಟಂತೆಯೇ ತಿಳಿಯುವುದಿಲ್ಲ.

ತಿಳಿಯುವುದು ಆರು ತಿಂಗಳಿಗೊಮ್ಮೆ ಇ-ಮೇಲ್‌ನಲ್ಲಿ ಬರುವ ಒಟ್ಟು ಖಾತೆ ವಿವರದಲ್ಲಿ. ಏಜೆಂಟರಿಗೆ ಹೋದ ಕಮಿಷನ್ನನ್ನು ಅದರಲ್ಲಿ ರೂಪಾಯಿ ಲೆಕ್ಕದಲ್ಲೇ ತೋರಿಸಬೇಕೆಂದು 2016ರ ಅಕ್ಟೋಬರ್‌ನಿಂದ ನಿಯಮವಿದೆ. ಕಳೆದ ಬಾರಿ ಮೊಮ್ಮಗಳು ಅದನ್ನು ತೆರೆದು ಅಕ್ಷರ ದೊಡ್ಡದು ಮಾಡಿ ತೋರಿಸಿದಳು. ಕೊನೆಯ ಕಾಲಂ, ಎಲ್ಲ ಫಂಡ್ ಸೇರಿ 5,612 ರೂಪಾಯಿ. ಅರ್ಧ ವರ್ಷಕ್ಕೆ! ಅದರ ಪಕ್ಕದಲ್ಲೇ ಏಜೆಂಟರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನಿನ ವೆಚ್ಚ, ಏಜೆಂಟರಿಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನಿನ ವೆಚ್ಚ. ಒಂದು ಫಂಡಿನಲ್ಲಂತೂ ಮೊದಲನೆಯದು ಎರಡನೆಯದರ ದುಪ್ಪಟ್ಟು. 2013ರ ಜನವರಿಯಿಂದ ಇರುವ ಡೈರೆಕ್ಟ್ ಪ್ಲಾನ್ ಎಂಬ ಮಾತು ಆ ಕಚೇರಿಯಲ್ಲಿ ಒಮ್ಮೆಯೂ ನನ್ನ ಕಿವಿಗೆ ಬಿದ್ದಿಲ್ಲ.

ಹಾಗೆಂದು ಅವರು ಪುಕ್ಕಟೆ ತಿಂದರು ಎನ್ನಲಾರೆ. 2024ರಲ್ಲಿ ಕೆವೈಸಿ ನಿಯಮ ಬಿಗಿಯಾದಾಗ ನನ್ನದು ತಡೆಬಿದ್ದಿತು. ಪ್ಯಾನ್‌ನಲ್ಲಿ ಊರಿನ ಹೆಸರು ಬಿಡಿಸಿ ಬರೆದಿದ್ದರೆ ಆಧಾರ್‌ನಲ್ಲಿ ಬರೀ ಇನಿಷಿಯಲ್. ಅಲ್ಲಿನ ಹುಡುಗ ಎರಡು ಸಲ ಮನೆಗೇ ಬಂದು, ಮೊಬೈಲಿನಲ್ಲಿ ಫೋಟೊ ಹಿಡಿದು, ಹತ್ತು ದಿನದಲ್ಲಿ ಸರಿಮಾಡಿಸಿದ. ಒಬ್ಬನೇ ಆಗಿದ್ದರೆ ನಾನು ಕೈಚೆಲ್ಲುತ್ತಿದ್ದೆ.

ಸಿಟ್ಟು ಬಂದದ್ದು ಬೇರೆಯದಕ್ಕೆ. ಅದೇ ವರ್ಷ ಡೆಟ್ ಫಂಡಿನ (ಸಾಲಪತ್ರಗಳಲ್ಲಿ ಹಣ ಹೂಡುವ ಫಂಡ್) ಕರಪತ್ರ ಕೈಗಿತ್ತು, "ಎಫ್‌ಡಿಗಿಂತ ತೆರಿಗೆ ಕಡಿಮೆ, ಇಂಡೆಕ್ಸೇಶನ್ ಇದೆ" ಎಂದರು. ಇಂಡೆಕ್ಸೇಶನ್ ಎಂದರೆ ಬೆಲೆಯೇರಿಕೆಯ ಪಾಲನ್ನು ಲಾಭದಿಂದ ಕಳೆದು ಉಳಿದದ್ದಕ್ಕೆ ತೆರಿಗೆ ಹಾಕುವುದು. 2023ರ ಏಪ್ರಿಲ್ 1ರಿಂದ ಕೊಂಡ ಡೆಟ್ ಫಂಡಿಗೆ ಆ ಸೌಲಭ್ಯವೇ ಇಲ್ಲ, ಲಾಭವೆಲ್ಲ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ. ಹೇಳಿದಾಗ, "ಹಳೆಯ ಸ್ಟಾಕ್ ಸರ್" ಎಂದು ಕಟ್ಟನ್ನು ಮೇಜಿನ ಕೆಳಗೆ ಸರಿಸಿದರು. ಹಳೆಯ ವೇ ಬಿಲ್ಲಿನಲ್ಲಿ ಹೊಸ ದರ ಬರೆದು ತಂದ ಕಂಡಕ್ಟರನನ್ನು ನಾನು ಬಿಟ್ಟಿದ್ದುಂಟು. ಹೊಸ ಬಿಲ್ಲಿನಲ್ಲಿ ಹಳೆಯ ದರ ಹಾಕಿದವನನ್ನಲ್ಲ.

ಹೊಸ ಹಣವನ್ನೆಲ್ಲ ಈಗ ಡೈರೆಕ್ಟ್‌ನಲ್ಲೇ ಹಾಕುತ್ತಿದ್ದೇನೆ. ಹಳೆಯದನ್ನು ಒಂದೇ ಏಟಿಗೆ ಬದಲಿಸುವುದು ದಡ್ಡತನ. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋದರೂ ಮಾರಿದಂತೆಯೇ ಲೆಕ್ಕ. ಷೇರು ಫಂಡಿನಲ್ಲಿ ದೀರ್ಘಾವಧಿ ಲಾಭ ವರ್ಷಕ್ಕೆ 1.25 ಲಕ್ಷ ದಾಟಿದರೆ, ದಾಟಿದ ಭಾಗಕ್ಕೆ 12.5 ಶೇಕಡಾ ತೆರಿಗೆ. ಆ ಗೆರೆಯೊಳಗೆ ಪ್ರತಿ ಮಾರ್ಚ್‌ನಲ್ಲಿ ಒಂದಷ್ಟು ದಾಟಿಸುತ್ತೇನೆ. ಎರಡು ಫಂಡನ್ನು ಮಾತ್ರ ಅವರ ಬಳಿಯೇ ಉಳಿಸಿದ್ದೇನೆ, ಆ ಹುಡುಗನ ಓಡಾಟಕ್ಕೆ.

ಇದನ್ನು ಮಾಲೀಕರಿಗೆ ಎದುರಿಗೇ ಹೇಳಿದೆ. ಸ್ವಲ್ಪ ಹೊತ್ತು ಕ್ಯಾಲ್ಕುಲೇಟರ್ ನೋಡುತ್ತಾ ಕುಳಿತರು. ಆಮೇಲೆ, "ನಿಮ್ಮವರ ನಾಮಿನಿ ಫಾರಂ ಬಾಕಿ ಇದೆ ಸರ್, ಅದನ್ನು ಇವತ್ತೇ ಮುಗಿಸಿಬಿಡೋಣ" ಎಂದರು. ಐದಕ್ಕೆ ಮೂರು ಅಂಕ.