ಲಿಫ್ಟ್ ಮಾಡಿಸಿದ ಟ್ರಕ್, ಓಲಾಡುವ ಟ್ರೇಲರ್: ಯಾವ ಮದ್ದು ನಾಟಿತು?

ಟ್ರಕ್ಕಿಗೆ ಆರು ಇಂಚು ಲಿಫ್ಟ್ ಹಾಕಿಸಿ ಎತ್ತರಿಸಿದರೆ, ಟ್ರೇಲರ್ ಸಿಕ್ಕಿಸುವ ಹಿಂದಿನ ಹಿಚ್ಚೂ ಅಷ್ಟೇ ಮೇಲೇರುತ್ತದೆ. ಹಳೇ ಬಾಲ್ ಮೌಂಟಿಗೇ (ಟ್ರೇಲರ್ ಕೂರುವ ಗುಂಡು, ಅಂದರೆ ಬಾಲ್, ಇರುವ ಕಬ್ಬಿಣದ ತೋಳು) ಟ್ರೇಲರ್ ಸಿಕ್ಕಿಸಿದರೆ ಅದರ ಮೂತಿ ಮೇಲೆ, ಹಿಂಭಾಗ ಕೆಳಗೆ. ಮೂತಿಯ ಭಾರ ಕಮ್ಮಿಯಾಗುತ್ತದೆ. ವೇಗ ಏರಿದಾಗ, ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ, ಓಲಾಟ ಶುರು.

ಏರ್‌ಬ್ಯಾಗ್ ಮೊದಲು ಹಾಕಿದ್ದು, ಅಂದರೆ ಟ್ರಕ್ಕಿನ ಹಿಂದಿನ ಸ್ಪ್ರಿಂಗಿಗೆ ಆಸರೆಯಾಗುವ ಗಾಳಿ ಚೀಲ. ಭಾರಕ್ಕೆ ಕುಸಿದ ಟ್ರಕ್ಕಿನ ಹಿಂಭಾಗ ಎದ್ದು ನಿಂತಿತು, ನೋಡೋಕೆ ಚೆಂದ. ಆದರೆ ಬಾಲ್ ಇನ್ನೂ ಮೇಲೆ ಹೋಯಿತು! ಮುಂದಿನ ಚಕ್ರಗಳಿಗೆ ಭಾರವೇನೂ ವಾಪಸ್ ಬರಲಿಲ್ಲ, ಸ್ಟೀರಿಂಗ್ ಹಗುರವಾಗೇ ಇತ್ತು. ಇದೊಂದನ್ನೇ ನಂಬೋದು ಬೇಡ.

ಫ್ರಿಕ್ಷನ್ ಸ್ವೇ ಬಾರ್, ಅಂದರೆ ಉಜ್ಜಾಟದಿಂದ ಓಲಾಟ ತಡೆಯುವ ಸರಳು, ಅಗ್ಗ, ಹಾಕೋದೂ ಸುಲಭ. ಸಣ್ಣಪುಟ್ಟ ಓಲಾಟ ತಗ್ಗಿತು. ಆದರೆ ಕಾರಣ ಹಾಗೇ ಉಳಿದಿತ್ತು, ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗೆ. ರಿವರ್ಸ್ ತಿರುಗಿಸುವ ಮುಂಚೆ ಇಳಿದು ಬಿಚ್ಚಬೇಕು, ಅದೊಂದು ಕಿರಿಕಿರಿ.

ನಿಜವಾದ ವ್ಯತ್ಯಾಸ ಕಂಡಿದ್ದು ಡ್ರಾಪ್ ಮೌಂಟಿನಲ್ಲಿ, ಅಂದರೆ ಬಾಲನ್ನು ಕೆಳಗಿಳಿಸುವ ಮೌಂಟಿನಲ್ಲಿ. ಟ್ರೇಲರಿನ ಚಾಸಿಸ್ ಮೇಲೆ ಮಟ್ಟಗೋಲು ಇಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಬಾಲ್ ಇಳಿಸಿದೆ. ಮೂತಿಯ ಮೇಲೆ ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಕೂರಬೇಕು. 2,000 ಕೆಜಿ ಟ್ರೇಲರ್ ಅಂದರೆ 200ರಿಂದ 300 ಕೆಜಿ. ಸಾಮಾನನ್ನು ಆಕ್ಸಲಿನಿಂದ ಸ್ವಲ್ಪ ಮುಂದಕ್ಕೆ ಸರಿಸಿದರೆ ಅದೂ ಸರಿಹೋಗುತ್ತದೆ. ಒಂದೇ ತೊಂದರೆ: ಮೌಂಟ್ ಉದ್ದವಾದಷ್ಟೂ ರಿಸೀವರಿನ (ಮೌಂಟ್ ತೂರಿಸುವ ಟ್ರಕ್ಕಿನ ಚೌಕ ಕೊಳವೆ) ಮೇಲೆ ಸನ್ನೆಯ ಒತ್ತಡ ಜಾಸ್ತಿ. ಅದರ ಮೇಲೆ ಕೊರೆದಿರುವ ಭಾರದ ಮಿತಿ ಓದದೆ ಸಿಕ್ಕಿಸಬೇಡಿ.

ನನ್ನ ಓಟು ಮಾತ್ರ ಉದ್ದ ಶ್ಯಾಂಕ್ (ಬಾಲನ್ನು ಕೆಳಗಿಳಿಸುವ ತೋಳು) ಇರುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ಚಿಗೆ, ಅಂದರೆ ಮೂತಿಯ ಭಾರವನ್ನು ಟ್ರಕ್ಕಿನ ಮುಂದಿನ ಚಕ್ರಗಳಿಗೂ ಹಂಚುವ ಹಿಚ್ಚಿಗೆ. ಟ್ರೇಲರ್ ಸಿಕ್ಕಿಸುವ ಮುಂಚೆ ಟ್ರಕ್ಕಿನ ಮುಂದಿನ ಚಕ್ರದ ಕಮಾನಿನ ಎತ್ತರ ಟೇಪಿನಲ್ಲಿ ಅಳೆಯಿರಿ. ಸಿಕ್ಕಿಸಿದ ಮೇಲೆ ಟ್ರಕ್ಕಿನ ಮುಂಭಾಗ ಎದ್ದಿರುತ್ತದೆ. ಈ ಹಿಚ್ಚಿನ ಸ್ಪ್ರಿಂಗ್ ಬಾರ್ (ಭಾರ ಹಂಚುವ ಸರಳು) ಎಳೆಯುವ ಚೈನ್ ಕೊಂಡಿ ಕೊಂಡಿಯಾಗಿ ಬಿಗಿಮಾಡುತ್ತಾ ಬಂದರೆ ಅದು ಇಳಿಯುತ್ತದೆ, ಸ್ಟೀರಿಂಗಿಗೆ ಹಿಡಿತ ಮರಳುತ್ತದೆ. ಹಾಕೋಕೆ ಬೆನ್ನು ಬಗ್ಗಿಸಬೇಕು, ದುಬಾರಿ ಕೂಡ. ಆದರೂ ದೂರದ ಪ್ರಯಾಣಕ್ಕೆ ಬೇರೆ ಯಾವುದೂ ಇದರ ಹತ್ತಿರ ಬರಲಿಲ್ಲ.

ಅಂದಹಾಗೆ, ಎತ್ತರದ ಮೆತ್ತನೆ ಟೈರಿದ್ದರೆ ಅದರ ಪಕ್ಕದ ಗೋಡೆಯೇ ನುಲಿಯುತ್ತದೆ. ಇದಕ್ಕೆ ಯಾವ ಹಿಚ್ಚೂ ಮದ್ದಲ್ಲ. ಭಾರ ಹೊರುವ ಗಟ್ಟಿ ಟೈರ್, ಸರಿಯಾದ ಗಾಳಿ, ಅಷ್ಟೇ.