500ರ ನೋಟು ಹೊಳೆದ ಮಾತ್ರಕ್ಕೆ ಅದು ಯುವಿಬಿ ಬಲ್ಬ್ ಅಲ್ಲ: ಆಮೆ ಸಾಕಿದವರು ದಯವಿಟ್ಟು ಓದಿ

ಮೊನ್ನೆ ಸಂಜೆ ಕಲಬುರಗಿಯಲ್ಲಿ ಮೀನು, ಪಕ್ಷಿ ಮಾರುವ ಅಂಗಡಿಯವನೊಬ್ಬನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಅದೇ ನೇರಳೆ ಬಲ್ಬ್ ಮತ್ತೆ ಕಾಣಿಸಿತು. 'ಆಮೆ ಸ್ಪೆಷಲ್ ಯುವಿಬಿ, 1,850 ರೂಪಾಯಿಯದು ಈಗ 1,500ಕ್ಕೆ' ಎಂದು ಬರೆದಿದ್ದ. ಯುವಿಬಿ ಎಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ, ಆಮೆಯ ಮೂಳೆ, ಚಿಪ್ಪು ಗಟ್ಟಿಯಾಗಲು ಅದು ಬೇಕು. ಉರಿಯುತ್ತಿರುವ ಬಲ್ಬಿನ ಕೆಳಗೆ ಒಂದು ಕೈ 500 ರೂಪಾಯಿಯ ನೋಟನ್ನು ಹಿಡಿದುಕೊಂಡಿತ್ತು. ಆ ನೋಟನ್ನು ಕಂಡ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ, ಏಕೆಂದರೆ ಕಳೆದ ವರ್ಷ ಜುಲೈನಲ್ಲಿ ಅದೇ ನೋಟಿನ ಆಟವನ್ನು ನಂಬಿ ನಾನು ಮೋಸ ಹೋದೆ. ಹಣ ಹೋದದ್ದು 2,800 ರೂಪಾಯಿ. ಅದನ್ನು ಮರೆಯಬಹುದು. ಆದರೆ ನಾಲ್ಕು ತಿಂಗಳ ಕಾಲ ಒಂದು ಮೂಕ ಜೀವ ನನ್ನ ಕಣ್ಣೆದುರೇ ಸವೆದದ್ದನ್ನು ಮರೆಯಲು ಆಗುತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯಲ್ಲಿರುವುದು ನಕ್ಷತ್ರ ಆಮೆಯಲ್ಲ. ನಮ್ಮ ದೇಶದ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಮ್ಮದು ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸುಲ್ಕಾಟಾ ಜಾತಿಯ ಮರಿ. ಹೈದರಾಬಾದಿನಲ್ಲಿದ್ದ ನನ್ನ ತಮ್ಮ ಕೆಲಸದ ಮೇಲೆ ವಿದೇಶಕ್ಕೆ ಹೊರಟಾಗ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನ ನೋಂದಣಿ ಕಾಗದಗಳೊಂದಿಗೆ ನಮಗೆ ಒಪ್ಪಿಸಿ ಹೋದ. ನನ್ನ ಮಗ ಅದಕ್ಕೆ ಗುಂಡ್ಯಾ ಎಂದು ಹೆಸರಿಟ್ಟ. ಬಂದಾಗ ಅಂಗೈಯಗಲ ಇತ್ತು, ತೂಕ 310 ಗ್ರಾಂ.

ನಾವಿರುವುದು ಮೊದಲ ಮಹಡಿಯ ಬಾಡಿಗೆ ಮನೆ. ಮಾಳಿಗೆಯ ಬಾಗಿಲಿಗೆ ಮನೆ ಮಾಲೀಕರ ಬೀಗವಿರುತ್ತದೆ, ಕಿಟಕಿಗಳಿಗೆಲ್ಲ ಗಾಜು. ತಮ್ಮ ಹೋಗುವಾಗ ಒಂದೇ ಒಂದು ಮಾತನ್ನು ಮೂರು ಸಲ ಹೇಳಿದ್ದ: 'ಅಕ್ಕಾ, ಗಾಜಿನ ಮೂಲಕ ಬಂದ ಬಿಸಿಲು ಲೆಕ್ಕಕ್ಕಿಲ್ಲ. ಯುವಿಬಿ ಕಿರಣವನ್ನು ಗಾಜು ತಡೆದುಬಿಡುತ್ತದೆ. ಹೊರಗಿನ ಬಿಸಿಲು ಕೊಡು, ಇಲ್ಲವೇ ಒಳ್ಳೆಯ ಯುವಿಬಿ ದೀಪ ಹಾಕು.' ಆತನ ದೀಪ ಹಳೆಯದಾಗಿತ್ತೆಂದು ಅಲ್ಲೇ ಬಿಟ್ಟು ಬಂದಿದ್ದೆವು. ಮಳೆಗಾಲ ಹಿಡಿದಿತ್ತು, ಮಾಳಿಗೆಗೆ ಬೀಗ. ಆದ್ದರಿಂದ ದೀಪ ಕೊಳ್ಳಲು ಮೀನು, ಪಕ್ಷಿಗಳನ್ನು ಮಾರುವ ಆ ಅಂಗಡಿಗೆ ಹೋದೆ.

ಇಂಥ ಅಂಗಡಿಗಳಲ್ಲಿ ವ್ಯವಹಾರ ಹೇಗೆ ನಡೆಯುತ್ತದೆಂದು ನಿಮಗೆಲ್ಲ ಗೊತ್ತಿದೆ. ಬಿಲ್ ಕೇಳಿದರೆ ಚೀಟಿ ಕೊಡುತ್ತಾರೆ, ಚೌಕಾಸಿ ಮಾಡಿದರೆ ನೂರು ರೂಪಾಯಿ ಇಳಿಸುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆತ ಗೂಡಿನಿಂದ ಒಂದು ಡಬ್ಬಿ ತೆಗೆದ. ಮೇಲೆ ಓತಿಕೇತದ ಚಿತ್ರ, ಪಕ್ಕದಲ್ಲಿ 'ಯುವಿಎ + ಯುವಿಬಿ 10.0' ಎಂದು ಅಚ್ಚು. ಒಳಗಿದ್ದದ್ದು ಎಲ್‌ಇಡಿ ಬಲ್ಬ್. ನಾನು ಸುಮ್ಮನೆ ಕೊಂಡವಳಲ್ಲ, ಇದರಲ್ಲಿ ಯುವಿಬಿ ನಿಜವಾಗಿಯೂ ಇದೆಯೇ ಎಂದು ಕೇಳಿದೆ. ಆತ ಹೋಲ್ಡರಿಗೆ ಬಲ್ಬ್ ಹಾಕಿ ಹಚ್ಚಿದ, ಗಲ್ಲೆಯಿಂದ 500ರ ನೋಟೊಂದನ್ನು ತೆಗೆದು ಅದರ ಕೆಳಗೆ ಹಿಡಿದ. ನೋಟಿನ ನಂಬರುಗಳು ಹೊಳೆದವು, ಕಾಗದದೊಳಗಿನ ಸಣ್ಣ ಎಳೆಗಳು ಅಲ್ಲಲ್ಲಿ ಮಿನುಗಿದವು. 'ನೋಡ್ರಿ ಮೇಡಂ, ಹ್ಯಾಂಗ್ ಹೊಳಿಲತ್ತಾವ! ಯುವಿ ಇಲ್ಲಂದ್ರ ಹೊಳಿತಿತ್ತೇನ್ರಿ? ಬ್ಯಾಂಕಿನ್ಯಾಗೂ ಇದೇ ಬೆಳಕು ಇಟ್ಟಿರ್ತಾರ' ಎಂದ. ಮಾಳಿಗೆಗೆ ಬೀಗವಿದೆ, ಆಮೆಗೆ ಬಿಸಿಲು ಸಿಗುವುದಿಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಿದ್ದೆ. ಅದಕ್ಕೂ ಉತ್ತರ ಸಿದ್ಧವಿತ್ತು: 'ಬಿಸಿಲಿಗಿ ಒಯ್ಯೋ ಜರೂರತ್ತೇ ಇಲ್ಲ ಮೇಡಂ. ಇದು ಬಿಸಿಲಿಗಿಂತ ಛಲೋ ಅದ.'

ನಾನು ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ವಿಜ್ಞಾನ ಹೇಳುವವಳು. ಬೆಳಕಿನ ತರಂಗಾಂತರವನ್ನು ಕರಿಹಲಗೆಯ ಮೇಲೆ ಪ್ರತಿವರ್ಷ ಬರೆಯುತ್ತೇನೆ. ಅತಿನೇರಳೆ ಎಂಬುದು ಒಂದೇ ಕಿರಣವಲ್ಲ, ಅದರಲ್ಲಿ ಎ, ಬಿ, ಸಿ ಎಂಬ ಮೂರು ಪಟ್ಟಿಗಳಿವೆ ಎಂಬುದು ನನಗೆ ಗೊತ್ತಿತ್ತು. ಆದರೂ ಆ ಕ್ಷಣದಲ್ಲಿ ಹೊಳೆಯುವ ನೋಟನ್ನು ನೋಡಿ ತಲೆಯಾಡಿಸಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ. ಓದಿದವಳಾದ ನನ್ನನ್ನೇ ಆ ನೋಟು ಮರುಳು ಮಾಡಿತೆಂದರೆ ಮಕ್ಕಳ ಹಟಕ್ಕೆ ಆಮೆ ತಂದ ತಂದೆತಾಯಿಯರ ಗತಿ ಏನು?

ನೇರಳೆ ಬಲ್ಬಿಗೆ 1,850, ಬಿಸಿಗೆಂದು ಕೊಟ್ಟ 150 ವ್ಯಾಟಿನ ಕೆಂಪು ಬಲ್ಬ್ ಮತ್ತು ಹೋಲ್ಡರಿಗೆ 950. ಬಿಸಿ ಹೆಚ್ಚಾದಾಗ ತಾನೇ ಆರಿಸುವ ಥರ್ಮೋಸ್ಟಾಟ್ ಬೇಡವೇ ಎಂದು ಕೇಳಿದ್ದಕ್ಕೆ 'ಹಗಲು ರಾತ್ರಿ ಹಚ್ಚೇ ಇಡ್ರಿ, ಆಮಿ ಬಿಸಿ ದೇಶದ್ದು' ಎಂದ. ನಾನು ಹಚ್ಚಿಯೇ ಇಟ್ಟೆ. ನಮ್ಮೂರಿನಲ್ಲಿ ಮಳೆಗಾಲದಲ್ಲೂ ಕೋಣೆ 30 ಡಿಗ್ರಿ ದಾಟುತ್ತದೆ, ಅದರ ಮೇಲೆ ಆ ಬಲ್ಬ್. ಆಮೆ ದಿನವಿಡೀ ಮಣ್ಣಿನ ಕುಂಡದ ಅಡಿಯಲ್ಲಿ ತಲೆ ಹುದುಗಿಸಿಕೊಂಡಿರುತ್ತಿತ್ತು. ಹೊಸ ಜಾಗವಾದ್ದರಿಂದ ನಾಚಿಕೆ ಎಂದುಕೊಂಡೆ. ಅದು ನಾಚಿಕೆಯಲ್ಲ, ತಪ್ಪಿಸಿಕೊಳ್ಳಲು ಅದು ಹುಡುಕಿಕೊಂಡ ನೆರಳು. ಆಗಸ್ಟ್‌ನಲ್ಲಿ ಬಲ್ಬಿನ ನೇರ ಕೆಳಗೆ ಥರ್ಮಾಮೀಟರ್ ಇಟ್ಟು ನೋಡಿದಾಗ ಪಾದರಸ 50 ಡಿಗ್ರಿಯ ಗೆರೆಯನ್ನು ದಾಟಿಯೇ ಹೋಯಿತು. ಅಂದೇ ಕೆಂಪು ಬಲ್ಬ್ ತೆಗೆದೆ. ಆದರೆ ನೇರಳೆ ಬಲ್ಬಿನ ಮೇಲಿನ ನಂಬಿಕೆ ಹಾಗೇ ಉಳಿಯಿತು. ದಿನಕ್ಕೆ ಹನ್ನೆರಡು ಗಂಟೆ, ಒಂದು ದಿನವೂ ತಪ್ಪಿಸದೆ ಹಚ್ಚಿದೆ.

ಗರಿಕೆ ಹುಲ್ಲು, ದಾಸವಾಳದ ಎಲೆ ಹಾಕುತ್ತಿದ್ದೆ. ಸಮುದ್ರನೊರೆಯನ್ನು (ಕಟಲ್‌ಫಿಶ್ ಎಂಬ ಸಮುದ್ರಜೀವಿಯ ಒಳಚಿಪ್ಪು) ತಂದು ಕುಟ್ಟಿ, ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಿಗಲೆಂದು ಎಲೆಗಳ ಮೇಲೆ ಉದುರಿಸುತ್ತಿದ್ದೆ. ಆದರೂ ಅಕ್ಟೋಬರ್ ಹೊತ್ತಿಗೆ ಹೊಟ್ಟೆಯೆತ್ತಿ ನಡೆಯುತ್ತಿದ್ದ ಮರಿ ಹೊಟ್ಟೆ ಎಳೆದುಕೊಂಡು ತೆವಳತೊಡಗಿತು. ಒಂದು ಭಾನುವಾರ ಅದಕ್ಕೆ ಸ್ನಾನ ಮಾಡಿಸುವಾಗ ಚಿಪ್ಪಿನ ಅಂಚಿಗೆ ನನ್ನ ಹೆಬ್ಬೆರಳು ತಾಗಿತು. ಅಂಚು ಒಳಗೆ ಬಾಗಿತು. ನೆನೆದ ರಟ್ಟು ಬಾಗುವ ಹಾಗೆ ಬಾಗಿ, ಬೆರಳು ತೆಗೆದ ಮೇಲೆ ನಿಧಾನವಾಗಿ ಮೊದಲಿನಂತಾಯಿತು. ಮಗ ಪಕ್ಕದಲ್ಲೇ ನಿಂತಿದ್ದ, ಅವನಿಗೆ ಗೊತ್ತಾಗಬಾರದೆಂದು ಟವೆಲ್ ಸುತ್ತಿ ಒಳಗೆ ಒಯ್ದೆ.

ನವೆಂಬರಿನಲ್ಲಿ ತೂತು ಕೊರೆದ ಡಬ್ಬಿಯಲ್ಲಿ ಆಮೆಯನ್ನೂ, ಚೀಲದಲ್ಲಿ ಆ ಬಲ್ಬನ್ನೂ ಇಟ್ಟುಕೊಂಡು ಬೆಳಗಿನ ರೈಲಿನಲ್ಲಿ ಬೀದರಿಗೆ ಹೋದೆ, ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಎಕ್ಸ್‌ರೇಯಲ್ಲಿ ಮೂಳೆಗಳು ಇರಬೇಕಾದಷ್ಟು ಬೆಳ್ಳಗೆ ಕಾಣಲಿಲ್ಲ. ಡಾಕ್ಟರರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಯುವಿಬಿ ಕಿರಣ ಚರ್ಮಕ್ಕೆ ಬಿದ್ದಾಗ ಮಾತ್ರ ಆಮೆಯ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ, ಅದು ಇಲ್ಲದಿದ್ದರೆ ಎಷ್ಟು ಸುಣ್ಣ ತಿನ್ನಿಸಿದರೂ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಆಗ ದೇಹ ತನ್ನ ಮೂಳೆಯಿಂದ, ಚಿಪ್ಪಿನಿಂದಲೇ ಸುಣ್ಣವನ್ನು ಎಳೆದುಕೊಳ್ಳುತ್ತದೆ ಎಂದು ತಾಳ್ಮೆಯಿಂದ ವಿವರಿಸಿದರು. ನಂತರ 'ಯಾವ ದೀಪ ಹಾಕಿದ್ರಿ?' ಎಂದರು. ಬಲ್ಬ್ ಕೊಟ್ಟು, ನೋಟು ಹೊಳೆದದ್ದನ್ನೂ ಹೇಳಿದೆ.

ಅವರು ಬಲ್ಬನ್ನು ತಿರುಗಿಸಿ ನೋಡಿದರು. ಬುಡದಲ್ಲಿ ಅಂಟಿಸಿದ್ದ 'ಯುವಿಬಿ 10.0' ಸ್ಟಿಕ್ಕರಿನ ಒಂದು ಮೂಲೆ ಬಿಸಿಗೆ ಮೇಲೆದ್ದಿತ್ತು. ಉಗುರಿನಿಂದ ಅದನ್ನು ಅರ್ಧ ಕಿತ್ತರು. ಕೆಳಗೆ ಪ್ಲಾಸ್ಟಿಕ್ಕಿನ ಮೇಲೆಯೇ ಸಣ್ಣ ಬೂದು ಅಕ್ಷರಗಳಲ್ಲಿ '9 ವ್ಯಾಟ್, 395–400 ಎನ್‌ಎಂ' ಎಂದು ಅಚ್ಚಾಗಿತ್ತು, ಅಂದರೆ ಅದರ ಬೆಳಕಿನ ತರಂಗಾಂತರ, ನ್ಯಾನೋಮೀಟರಿನಲ್ಲಿ.

ಅಷ್ಟೇ. ಯಾರೂ ನನಗೆ ಮುಂದೆ ಏನನ್ನೂ ಹೇಳಬೇಕಿರಲಿಲ್ಲ. ಯುವಿಬಿ ಎಂದರೆ 280ರಿಂದ 315 ನ್ಯಾನೋಮೀಟರ್. 315ರಿಂದ 400ರವರೆಗೆ ಯುವಿಎ. 395 ಎಂದರೆ ಕಣ್ಣಿಗೆ ಕಾಣುವ ನೇರಳೆ ಬಣ್ಣದ ಹೊಸ್ತಿಲು. ಮದುವೆ ಮೆರವಣಿಗೆಯ ಡಿಜೆಯವರು ಬಿಳಿ ಅಂಗಿ ಹೊಳೆಯಲೆಂದು ಹಚ್ಚುವ ಬೆಳಕು ಅದು. ಆ ಬೆಳಕಿಗೆ ನೋಟಿನ ಶಾಯಿ ಹೊಳೆಯುತ್ತದೆ, ಆದರೆ ಆಮೆಯ ಮೈಯಲ್ಲಿ ಒಂದು ಚೂರೂ ಡಿ3 ಹುಟ್ಟುವುದಿಲ್ಲ. ನಾಲ್ಕು ತಿಂಗಳು ನಾನು ಆ ಮರಿಯನ್ನು ಕತ್ತಲಲ್ಲಿಟ್ಟಂತೆಯೇ ಆಯಿತು. ನಾನೇ ಪಾಠ ಮಾಡುವ ಸಂಖ್ಯೆಗಳನ್ನು ಒಂದು ಸ್ಟಿಕ್ಕರಿನ ಕೆಳಗೆ ಮುಚ್ಚಿ ನನಗೇ ಮಾರಿದ್ದರು. ಆ ಡಾಕ್ಟರರ ಎದುರು ತಲೆಯೆತ್ತಲು ಆಗಲಿಲ್ಲ.

ಮರುದಿನ ಶಾಲೆ ಮುಗಿಸಿ ನೇರವಾಗಿ ಅಂಗಡಿಗೆ ಹೋದೆ. ಆತನ ಮಾತುಗಳನ್ನು ಇದ್ದ ಹಾಗೇ ಬರೆಯುತ್ತೇನೆ, ನಿಮಗೂ ಇವೇ ಮಾತುಗಳು ಸಿಗುತ್ತವೆ. ಮೊದಲು: 'ಬಲ್ಬ್ ಉರಿಲತ್ತದಿಲ್ರಿ? ಉರಿಲತ್ತದಂದ್ರ ಕೆಟ್ಟಿಲ್ಲ.' ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ, ಅದು ಯುವಿಬಿ ಅಲ್ಲವೇ ಅಲ್ಲ ಎಂದೆ. 'ಕಂಪನಿ ಮಾಲ್ ಅದ ಮೇಡಂ, ನಾವೇನು ಮನ್ಯಾಗ ಮಾಡ್ತೀವೇನು?' ಸ್ಟಿಕ್ಕರಿನ ಕೆಳಗಿನ ಸಂಖ್ಯೆ ತೋರಿಸಿದೆ. ಒಂದು ಕ್ಷಣ ಸುಮ್ಮನಾದ, ನಂತರ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: 'ನೀವು ಬಿಸಿಲಿಗಿ ಇಡಬೇಕಿತ್ರಿ. ಕಲಬುರಗಿದಾಗ ಬಿಸಿಲಿಗಿ ಬರ ಅದೇನು?' ಬಿಸಿಲು ಬೇಡವೇ ಬೇಡ, ಇದು ಬಿಸಿಲಿಗಿಂತ ಛಲೋ ಎಂದ ಅದೇ ಬಾಯಿ! ಅಂದು ಬಿಸಿಲು ಬೇಡ ಎಂದವನು ಇಂದು ಬಿಸಿಲಿಗೆ ಇಡಲಿಲ್ಲವೆಂದು ನನ್ನನ್ನೇ ತಪ್ಪಿತಸ್ಥಳನ್ನಾಗಿ ಮಾಡಿದ. ಅಂಗಡಿಯಲ್ಲಿ ಇನ್ನೂ ಮೂರು ಜನ ಗಿರಾಕಿಗಳಿದ್ದರು, ಅವರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು.

ಹಣ ವಾಪಸು ಕೇಳಿದೆ. 'ಬಿಲ್ ಎಲ್ಲಿ ಅದ?' ಎಂದ. ಕೊಟ್ಟಿದ್ದರೆ ತಾನೆ ಇರುವುದು? ನನ್ನ ಬಳಿ ಇದ್ದದ್ದು 'ಲೈಟ್ ಸೆಟ್ 2800' ಎಂದು ಗೀಚಿದ ಚೀಟಿ.

ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ, ಈ ಬರಹದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ. ನನ್ನನ್ನು ಸಮಾಧಾನ ಮಾಡಲೆಂದು ಆತ ಒಳಗಿನಿಂದ ಮೊಳದುದ್ದದ ಒಂದು ಟ್ಯೂಬ್ ತಂದ. 'ಇದು ದವಾಖಾನಿದಾಗ ಹಚ್ಚೋ ಯುವಿ ಅದ್ರಿ, ಇದಕ್ಕಿಂತ ಸ್ಟ್ರಾಂಗ್ ಯಾವ್ದೂ ಇಲ್ಲ. ಬದಲಿ ತಗೊಂಡು ಹೋಗ್ರಿ.' ಮಾಮೂಲಿ ಟ್ಯೂಬ್‌ಲೈಟಿನ ಒಳಗಿರುವ ಬಿಳಿ ಲೇಪ ಅದರಲ್ಲಿ ಇರಲಿಲ್ಲ, ಆಚೆ ಬದಿ ಕಾಣುವಷ್ಟು ತಿಳಿಯಾದ ಗಾಜು. ಕೊರೊನಾ ಕಾಲದಲ್ಲಿ ಮೊಬೈಲು, ಮಾಸ್ಕುಗಳನ್ನು ಶುದ್ಧ ಮಾಡಲು ಪೆಟ್ಟಿಗೆಯೊಳಗೆ ಹಾಕುತ್ತಿದ್ದ ಯುವಿಸಿ ದೀಪ ಅದು, 254 ನ್ಯಾನೋಮೀಟರಿನದು. ರೋಗಾಣುಗಳನ್ನು ಕೊಲ್ಲುವ ಕಿರಣ ಕಣ್ಣನ್ನೂ ಚರ್ಮವನ್ನೂ ಸುಡದೆ ಬಿಡುವುದಿಲ್ಲ. ಆತ ಅದನ್ನು ನನ್ನೆದುರೇ ಹಚ್ಚಿ ತೋರಿಸಲು ಪ್ಲಗ್ ಹುಡುಕುತ್ತಿದ್ದ. ನಾನು ಜೋರಾಗಿ ಬೇಡ ಎಂದು ಕೂಗಿ ಹೊರಗೆ ಬಂದೆ. ನಾನಲ್ಲದೆ ಬೇರೆ ಯಾರಾದರೂ ಒಯ್ದಿದ್ದರೆ ಆಮೆಯ ಜೊತೆಗೆ ಮನೆಯ ಮಕ್ಕಳ ಕಣ್ಣಿಗೂ ಅಪಾಯವಿತ್ತು. ಯಾರಾದರೂ ಈಗಾಗಲೇ ಒಯ್ದಿರಲೂಬಹುದು. ಒಯ್ದಿದ್ದರೆ ದಯವಿಟ್ಟು ಇಂದೇ ಆರಿಸಿ.

ನಂತರ ಆತ ನನ್ನ ಫೋನ್ ಎತ್ತಲಿಲ್ಲ. ವಾಟ್ಸ್‌ಆ್ಯಪಿನಲ್ಲಿ ನಾನು ಬರೆದ ಉದ್ದನೆಯ ಸಂದೇಶಕ್ಕೆ ಕೈಮುಗಿದ ಚಿತ್ರವೊಂದನ್ನು ಕಳಿಸಿ ಕೈತೊಳೆದುಕೊಂಡ. 1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ಬರೆಸಿದ್ದೇನೆ. ಬಿಲ್ ಇಲ್ಲದ್ದರಿಂದ ನನ್ನ ಕೈ ಕಟ್ಟಿದಂತಾಗಿದೆ. ನೀವು ಬಿಲ್ ಇಲ್ಲದೆ ದೀಪ ಕೊಳ್ಳಲೇಬೇಡಿ, ಬಿಲ್ಲಿನಲ್ಲಿ 'ಯುವಿಬಿ' ಎಂಬ ಪದವನ್ನು ಆತನ ಕೈಯಿಂದಲೇ ಬರೆಸಿ. ಬರೆಯಲು ಹಿಂಜರಿದರೆ ಅಲ್ಲಿಂದಲೇ ತಿರುಗಿ ಬನ್ನಿ.

ಡಾಕ್ಟರರು ಹೇಳಿ ಹಾಕಿಸಿದ ವ್ಯವಸ್ಥೆ ಹೀಗಿದೆ. ಸರೀಸೃಪಗಳಿಗೆಂದೇ ತಯಾರಾಗುವ ಉದ್ದನೆಯ ಟಿ5 (ತೆಳು ಕೊಳವೆಯ) ಯುವಿಬಿ ಟ್ಯೂಬ್, ಯುವಿಬಿ ಪಾಲು 10 ಇಲ್ಲವೇ 12 ಶೇಕಡಾ ಇರುವಂಥದ್ದು, ಬೆನ್ನಿಗೆ ಪ್ರತಿಫಲಕದೊಂದಿಗೆ ಚಿಪ್ಪಿನಿಂದ 30ರಿಂದ 40 ಸೆಂಟಿಮೀಟರ್ ಮೇಲೆ, ನಡುವೆ ಗಾಜೂ ಪ್ಲಾಸ್ಟಿಕ್ಕೂ ಇಲ್ಲದಂತೆ. ಅದರ ಪಕ್ಕದಲ್ಲೇ ಸಾದಾ ಹ್ಯಾಲೊಜನ್ ಬಲ್ಬ್, ಬಿಸಿಯೂ ಯುವಿಯೂ ಸೂರ್ಯನಿಂದ ಬರುವ ಹಾಗೆ ಒಂದೇ ಕಡೆಯಿಂದ ಬೀಳಲೆಂದು. ಬಲ್ಬಿನ ಕೆಳಗೆ 35ರಿಂದ 38 ಡಿಗ್ರಿ, ಇನ್ನೊಂದು ತುದಿ ತಂಪಾಗಿರಬೇಕು, ಬೇಕೆಂದಾಗ ಆಮೆ ಸರಿದುಕೊಳ್ಳಬೇಕು. ಡಿಸೆಂಬರಿನ ರಾತ್ರಿಗಳಲ್ಲಿ ನಮ್ಮಲ್ಲಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದಲ್ಲ, ಆಗ ಬೆಳಕು ಕೊಡದ ಸೆರಾಮಿಕ್ ಹೀಟರ್, ಅದೂ ಥರ್ಮೋಸ್ಟಾಟಿನ ಜೊತೆ. ಕೆಂಪು ಬಲ್ಬ್ ಬೇಡ. ಟ್ಯೂಬ್ ಚೆನ್ನಾಗಿ ಬೆಳಗುತ್ತಿದ್ದರೂ ವರ್ಷದೊಳಗೆ ಅದರ ಯುವಿಬಿ ಕುಗ್ಗುತ್ತದೆ. ಆದ್ದರಿಂದ ಹಚ್ಚಿದ ತಾರೀಖನ್ನು ಅದರ ಪಟ್ಟಿಯ ಮೇಲೆ ಪೆನ್ನಿನಿಂದ ಬರೆದಿಟ್ಟಿದ್ದೇನೆ.

ಮತ್ತೊಂದು ಮಾತು. ಬೀದರಿನಿಂದ ಬಂದ ರಾತ್ರಿ ಮನೆ ಮಾಲೀಕರ ಮನೆಗೆ ಹೋಗಿ, ಅವರ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡೆ. 'ಅಯ್ಯ, ಇಷ್ಟಕ್ಕ ಕೇಳ್ಲಿಲ್ಲೇನವ್ವಾ?' ಎಂದು ಅವರು ಗೋಡೆಯ ಮೊಳೆಯಿಂದ ಮಾಳಿಗೆಯ ಕೀಲಿ ತೆಗೆದು ಕೊಟ್ಟರು. ಜುಲೈನಲ್ಲೇ ಕೇಳಿದ್ದರೆ ಜುಲೈನಲ್ಲೇ ಕೊಡುತ್ತಿದ್ದರು. 'ಜರೂರತ್ತೇ ಇಲ್ಲ' ಎಂಬ ಆ ಒಂದು ಮಾತನ್ನು ನಂಬಿ ನಾನು ಹದಿನೆಂಟು ಮೆಟ್ಟಿಲು ಹತ್ತಲಿಲ್ಲ.

ಈಗ ಮೋಡವಿಲ್ಲದ ದಿನ ಶಾಲೆಗೆ ಹೊರಡುವ ಮುನ್ನ ಅರ್ಧ ಗಂಟೆ ಮಾಳಿಗೆಯ ಮೇಲೆ ಕೂರುತ್ತೇನೆ. ಕಾಗೆ, ಬೆಕ್ಕುಗಳ ಭಯಕ್ಕೆ ಪಕ್ಕದಿಂದ ಏಳುವುದಿಲ್ಲ. ಅರ್ಧ ಜಾಗಕ್ಕೆ ಗೋಣಿತಟ್ಟಿನ ನೆರಳು ಕಟ್ಟಿದ್ದೇನೆ. ಗಾಜಿನ ತೊಟ್ಟಿಯಲ್ಲಿಟ್ಟು ಬಿಸಿಲಿಗೆ ಇಡುವುದಂತೂ ಇಲ್ಲವೇ ಇಲ್ಲ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ಕಳೆದ ತಿಂಗಳ ಎಕ್ಸ್‌ರೇ ನೋಡಿ ಡಾಕ್ಟರರು ಪರವಾಗಿಲ್ಲ ಎಂದಿದ್ದಾರೆ. ಗುಂಡ್ಯಾ ಮುಂಗಾಲುಗಳ ಮೇಲೆ ಮೈಯೆತ್ತಿ ನಾಲ್ಕು ಹೆಜ್ಜೆ ಇಡುತ್ತದೆ, ಐದನೆಯದಕ್ಕೆ ಹೊಟ್ಟೆ ಮತ್ತೆ ನೆಲಕ್ಕೆ ತಾಗುತ್ತದೆ. ಎಡಗಡೆಯ ಹಿಂಬದಿಯ ಅಂಚನ್ನು ಒತ್ತಿದರೆ ಈಗಲೂ ಸ್ವಲ್ಪ ಬಾಗುತ್ತದೆ.